ಮುಖಕ್ಕೊಂದು ತಟ್ಟೆ, ಕಣ್ಣಿಗೊಂದು ಡ್ರಾಯರ್

ನನ್ನ ಸಿಂಕಿನ ಪಕ್ಕ ಒಂದು ಸಣ್ಣ ಸ್ಟೀಲ್ ತಟ್ಟೆ ಇದೆ. ಅದರಲ್ಲಿ ಹಿಡಿಯುವುದು ಐದೇ ವಸ್ತು. ಆರನೆಯದನ್ನು ಇಟ್ಟರೆ ಯಾವುದಾದರೂ ಒಂದು ಉರುಳಿ ಸಿಂಕಿಗೆ ಬೀಳುತ್ತದೆ. ಮಲಗುವ ಕೋಣೆಯಲ್ಲಿ ಮೂರು ಡ್ರಾಯರ್‌ಗಳಿವೆ. ಅವುಗಳ ತುಂಬ ಕಾಂಪ್ಯಾಕ್ಟ್, ಲಿಪ್‌ಸ್ಟಿಕ್, ಪೌಡರ್ ಡಬ್ಬಿಗಳು. ಎಣಿಸುವುದನ್ನು 40ಕ್ಕೇ ನಿಲ್ಲಿಸಿದ್ದೇನೆ. ತಟ್ಟೆ ಮುಖಕ್ಕೆ, ಡ್ರಾಯರ್ ಕಣ್ಣಿಗೆ. ನಿಮಗೂ ಎರಡರ ಆಸೆಯೂ ಇದ್ದರೆ ಮೊದಲು ಎರಡಕ್ಕೂ ಬೇರೆ ಬೇರೆ ಜಾಗ ಮಾಡಿ.

ನನಗೆ ಇದನ್ನು ಕಲಿಸಿದ್ದು ಒಂದು ನೀಲಿ ಗಾಜಿನ ಜಾಡಿ. ಮುಚ್ಚಳ ಎಷ್ಟು ಭಾರ ಅಂದರೆ, ಮೇಜಿನ ಮೇಲಿಟ್ಟಾಗ ದಪ್ ಅಂತ ಸದ್ದಾಗುತ್ತಿತ್ತು. ಒಳಗೆ ಘಮಘಮ ಅನ್ನುವ ಬಿಳಿ ಕ್ರೀಮ್. ಮೂರನೇ ದಿನಕ್ಕೇ ಕೆನ್ನೆ ಉರಿಯತೊಡಗಿತು. ಕ್ರೀಮ್ ಕೆಲಸ ಮಾಡ್ತಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟು ಚೆಂದದ ಜಾಡಿ ಕೆಟ್ಟದ್ದು ಮಾಡೀತೇ? ಹೀಗೇ ಮೂರು ವಾರ ಹಚ್ಚಿದೆ. ಕೊನೆಗೆ ಅಕ್ಕ ಮನೆಗೆ ಬಂದವಳು, "ಏನೇ ಇದು, ಇಸ್ತ್ರಿಪೆಟ್ಟಿಗೆಗೆ ಮುಖ ಕೊಟ್ಟೆಯಾ?" ಅಂದಳು. ಚರ್ಮದ ಡಾಕ್ಟರು ಎಲ್ಲವನ್ನೂ ನಿಲ್ಲಿಸಿದರು. ಸಾದಾ ಫೇಸ್‌ವಾಶ್, ವಾಸನೆಯಿಲ್ಲದ ಒಂದು ಕ್ರೀಮ್, ಅಷ್ಟೇ. ಸುಗಂಧ ಹಾಕಿದ್ದು ನನ್ನ ಮುಖಕ್ಕೆ ಆಗಿಬರುವುದಿಲ್ಲ ಅಂತ ಆಗಲೇ ಗೊತ್ತಾಗಿದ್ದು.

ಆಮೇಲೆ ತಟ್ಟೆ ಬಂತು. ಅದರಲ್ಲಿ ಖಾಯಂ ಮೂರು: ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ನಾಲ್ಕನೆಯದು ಒಂದು ಖಾರದ ವಸ್ತು. ಮೊಡವೆಗೆ, ಸುಕ್ಕಿಗೆ ಅಂತ ಹಚ್ಚುವ, ಜಾಸ್ತಿಯಾದರೆ ಚುರುಗುಟ್ಟಿಸುವ ರೆಟಿನಾಲ್, ಸ್ಯಾಲಿಸಿಲಿಕ್ ಆಸಿಡ್ ಥರದವನ್ನು ನಾನು ಹಾಗೆ ಕರೆಯುವುದು. ಐದನೆಯದು ಪೆಟ್ರೋಲಿಯಂ ಜೆಲ್ಲಿ. ನೋಡಲು ಅಷ್ಟಕ್ಕಷ್ಟೇ, ಆದರೆ ಚರ್ಮದ ತೇವ ಆರಿಹೋಗದ ಹಾಗೆ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ.

ನನ್ನದು ಪಾಳಿ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಎಲ್ಲರೂ ಹೇಳುವ 'ಬೆಳಗಿನ ರುಟೀನ್, ರಾತ್ರಿ ರುಟೀನ್' ನನಗೆ ಯಾವತ್ತೂ ಕೂಡಿಬರಲಿಲ್ಲ. ಅದಕ್ಕೇ ಗಡಿಯಾರ ನೋಡುವುದನ್ನು ಬಿಟ್ಟೆ. ಬಿಸಿಲಿಗೆ ಹೋಗುವ ಮೊದಲು ಒಂದು ಸಲ, ಮಲಗುವ ಮೊದಲು ಒಂದು ಸಲ. ಬೆಳಗ್ಗೆ ಒಂಬತ್ತಕ್ಕೆ ಪರದೆ ಎಳೆದು ಮಲಗಿದರೆ ಅದೇ ನನ್ನ ರಾತ್ರಿ. ಆದರೆ ರಾತ್ರಿ ಪಾಳಿ ಮುಗಿಸಿ ಬರುವಾಗ ದಾರಿಯಲ್ಲಿ ಬಿಸಿಲು ಇರುತ್ತದಲ್ಲ, ಅದು ಮರೆತುಹೋಗುತ್ತದೆ. ಅದಕ್ಕೆ ಬ್ಯಾಗಿನಲ್ಲೂ ಒಂದು ಸನ್‌ಸ್ಕ್ರೀನ್ ಟ್ಯೂಬ್ ಇರುತ್ತದೆ.

ಎದ್ದ ತಕ್ಷಣ, ಮುಖ ತೊಳೆಯುವ ಮೊದಲು, ಬೆರಳಿನ ಹಿಂಬದಿಯಿಂದ ಕೆನ್ನೆ ಮುಟ್ಟಿ ನೋಡುತ್ತೇನೆ. ಬೆರಳ ತುದಿಗಿಂತ ಹಿಂಬದಿಗೆ ಬಿಸಿ, ಒರಟು ಬೇಗ ಗೊತ್ತಾಗುತ್ತದೆ ಅಂತ ನನ್ನ ಅನುಭವ. ಬಿಗಿಯಾಗಿದ್ದರೆ, ಉರಿಯುತ್ತಿದ್ದರೆ ಅವತ್ತು ಖಾರದ ವಸ್ತು ಇಲ್ಲ, ಫೇಸ್‌ವಾಶ್ ಕೂಡ ಇಲ್ಲ, ಬರೀ ನೀರು. ಮೇಲೆ ಕ್ರೀಮ್ ಸ್ವಲ್ಪ ಜಾಸ್ತಿ. ಮೂಗಿನ ಪಕ್ಕ ಜಿಡ್ಡಿದ್ದರೆ ಫೇಸ್‌ವಾಶ್ ಹಾಕುತ್ತೇನೆ, ಕ್ರೀಮ್ ತೆಳ್ಳಗೆ. ಏನೂ ಇಲ್ಲ, ಮುಖ ತನ್ನ ಪಾಡಿಗೆ ತಾನಿದೆ ಅಂದರೆ ಮಾತ್ರ ಮಲಗುವ ಮೊದಲು ಖಾರದ ಸರದಿ.

ತೊಳೆದ ಮೇಲೆ ಮುಖ ಕಿರುಗುಟ್ಟುವಷ್ಟು ಬಿಗಿದರೆ ಚೊಕ್ಕಟವಾಯಿತು ಅಂತ ಖುಷಿಪಡಬೇಡಿ. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಮಾಮೂಲಿ ಬಾರ್ ಸೋಪಿನದು 9ರಿಂದ 10, ಅಂದರೆ ಆಮ್ಲಕ್ಕೆ ಉಲ್ಟಾ, ಕ್ಷಾರ. ಆ ಬಿಗಿತ ಚರ್ಮದ ದೂರು.

ತೀರಾ ಸುಸ್ತಾದ ದಿನ ಏನು ಮಾಡೋದು? ಮೇಕಪ್ ಮತ್ತು ಸನ್‌ಸ್ಕ್ರೀನ್ ತೊಳೆಯಿರಿ, ಕ್ರೀಮ್ ಹಚ್ಚಿ, ಮಲಗಿ. ಎರಡು ನಿಮಿಷದ ಕೆಲಸ. ಅದೂ ಆಗಲಿಲ್ಲವಾ? ಬಿಡಿ. ಬಿಟ್ಟ ದಿನಕ್ಕೆ ಬಡ್ಡಿ ಸೇರಿಸಿ ಮರುದಿನ ಎರಡರಷ್ಟು ಹಚ್ಚಲು ಮಾತ್ರ ಹೋಗಬೇಡಿ.

ಖಾರದ ವಸ್ತುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಶುರು ಮಾಡಿ. ಎರಡು ಒಟ್ಟಿಗೆ ತಂದರೆ, ಮುಖ ಕೆಂಪಾದಾಗ ಯಾವುದನ್ನು ಬೈಯಬೇಕು ಅಂತಲೇ ತಿಳಿಯುವುದಿಲ್ಲ. ಮೊದಲು ಮೊಣಕೈ ಒಳಬದಿಯಲ್ಲಿ ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಿ. ಒಂದು ದಿನ ಸಾಲದು, 7ರಿಂದ 10 ದಿನ. ನನ್ನ ನೀಲಿ ಜಾಡಿಗೆ ಹೀಗೆ ಮಾಡಿದ್ದರೆ ಇಸ್ತ್ರಿಪೆಟ್ಟಿಗೆ ಮಾತು ತಪ್ಪುತ್ತಿತ್ತು. ರೆಟಿನಾಲ್ ಆದರೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡೇ ಸಲ, ಅದೂ ಮಲಗುವ ಮೊದಲು. ಬಸುರಿಯಾಗಿದ್ದರೆ ಅಥವಾ ಆ ಯೋಚನೆ ಇದ್ದರೆ ಅದು ಬೇಡವೇ ಬೇಡ, ಡಾಕ್ಟರನ್ನು ಕೇಳಿ. ಮೊಡವೆಗೆ ಬೆನ್ಝಾಯಿಲ್ ಪೆರಾಕ್ಸೈಡ್ ಹಚ್ಚುವವರು ಬಿಳಿ ದಿಂಬಿನ ಕವರ್ ಹಾಕಿಕೊಳ್ಳಿ. ಅದು ಬಟ್ಟೆಯ ಬಣ್ಣ ತಿನ್ನುತ್ತದೆ. ನನ್ನ ಒಂದು ಕಡುನೀಲಿ ಕವರ್ ಮೇಲೆ ಈಗ ಮೋಡಗಳಿವೆ.

ವಿಟ್ನಿ ಬೋ ಅನ್ನುವ ಚರ್ಮವೈದ್ಯೆ 'ಸ್ಕಿನ್ ಸೈಕ್ಲಿಂಗ್' ಅಂತ ಒಂದು ಕ್ರಮ ಹೇಳಿದ್ದಾರೆ. ಒಂದು ರಾತ್ರಿ ಸತ್ತ ಚರ್ಮ ತೆಗೆಯುವ ಎಕ್ಸ್‌ಫೋಲಿಯೇಟರ್, ಮರುರಾತ್ರಿ ರೆಟಿನಾಯ್ಡ್ (ರೆಟಿನಾಲ್ ಇದೇ ಜಾತಿಯದು), ಆಮೇಲೆ ಎರಡು ರಾತ್ರಿ ಬರೀ ಕ್ರೀಮ್. ನಾಲ್ಕು ರಾತ್ರಿಗೆ ಒಂದು ಸುತ್ತು. ಇದರಲ್ಲಿ ನಾನು ಕದ್ದದ್ದು ಆ ಬಿಡುವಿನ ರಾತ್ರಿಗಳನ್ನು. ನನ್ನ ಲೆಕ್ಕದಲ್ಲಿ ಬಿಡುವು ಎರಡರಿಂದ ಮೂರಕ್ಕೆ, ನಾಲ್ಕಕ್ಕೆ ಹಿಗ್ಗಬಹುದು. ಎರಡರಿಂದ ಒಂದಕ್ಕೆ ಕುಗ್ಗುವಂತಿಲ್ಲ. ಮತ್ತೆ ವಾರದಲ್ಲೇ ಫಲ ಕೇಳಬೇಡಿ. ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ.

ಸನ್‌ಸ್ಕ್ರೀನ್ ವಿಷಯದಲ್ಲಿ ಮಾತ್ರ ನನ್ನಲ್ಲಿ ರಾಜಿ ಇಲ್ಲ. ಟ್ಯೂಬಿನ ಮೇಲೆ ಬಿಸಿಲು ತಡೆಯುವ ಅಳತೆ ಇರುತ್ತದಲ್ಲ, ಎಸ್‌ಪಿಎಫ್, ಅದು 30 ಅಂದರೆ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು 97 ಪರ್ಸೆಂಟ್ ತಡೆ, 50 ಅಂದರೆ 98. ಜಗಳವೆಲ್ಲ ಆ ಒಂದು ಪರ್ಸೆಂಟಿಗೆ! ಮೋಸ ಹೋಗುವುದು ನಾವು ಹಚ್ಚುವ ಪ್ರಮಾಣದಲ್ಲಿ. ಈ ಸಂಖ್ಯೆಗಳನ್ನು ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ನಾವು ಅದರ ಅರ್ಧವೂ ಹಚ್ಚದೆ 50ರ ಭ್ರಮೆಯಲ್ಲಿ ಓಡಾಡುತ್ತೇವೆ. ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಗೆರೆ ಎಳೆಯಿರಿ. ಮುಖ, ಕತ್ತಿಗೆ ಅಷ್ಟು ಬೇಕು. ಕಿವಿ ಮರೆಯಬೇಡಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿಟಕಿ ಪಕ್ಕ ಕೂತು ಕೆಲಸ ಮಾಡುವವರಿಗೂ ಬೇಕು, ಬಿಸಿಲಿನ ಇನ್ನೊಂದು ಬಗೆಯ ಯುವಿಎ ಕಿರಣ ಗಾಜು ದಾಟಿ ಬರುತ್ತದೆ.

ಇನ್ನು ಡ್ರಾಯರ್. ನನ್ನ ಹುಚ್ಚಿನ ಕಥೆ.

ಶುರುವಾದದ್ದು ಚಿಕ್ಕಮ್ಮನ ಕಾಂಪ್ಯಾಕ್ಟಿನಿಂದ. ಅಂಗೈಯಷ್ಟು ದುಂಡಗೆ, ಮುಚ್ಚಳದ ಮೇಲೆ ಸೂರ್ಯನ ಕಿರಣದ ಹಾಗೆ ಗೆರೆಗಳು. ಒತ್ತಿದರೆ ಟಿಕ್ ಅಂತ ತೆರೆಯುತ್ತದೆ, ಮುಚ್ಚಿದರೆ ಟಪ್. ಕನ್ನಡಿಯ ಅಂಚು ಕಪ್ಪಾಗಿದೆ. ಸುಮ್ನೆ ಆ ಸದ್ದಿಗಾಗಿಯೇ ದಿನಕ್ಕೆ ಹತ್ತು ಸಲ ತೆರೆಯುತ್ತಿದ್ದೆ. ಹೀಗೆ ನಿಮ್ಮನ್ನು ಹಿಡಿದದ್ದು ಏನು ಅಂತ ಮೊದಲು ಕಂಡುಕೊಳ್ಳಿ. ಮುಚ್ಚಳವಾ, ಪೌಡರಿನ ಮೇಲೆ ಒತ್ತಿದ ಚಿತ್ರದ ಅಚ್ಚಾ, ಲಿಪ್‌ಸ್ಟಿಕ್ ತಿರುಗುವ ರೀತಿಯಾ? ಅದೊಂದು ಎಳೆ ಹಿಡಿದು ಸಂಗ್ರಹಿಸಿ. ಎಳೆ ಇಲ್ಲದಿದ್ದರೆ ಅದು ಸಂಗ್ರಹ ಅಲ್ಲ, ಗುಜರಿ. ನನಗೂ ಎರಡು ವರ್ಷ ಗುಜರಿಯೇ ಇತ್ತು.

ಒಂದೊಂದು ವಸ್ತುವಿನ ಹಿಂದೆ ಹೋದರೆ ಕಥೆಗಳಿಗೆ ಕೊನೆಯಿಲ್ಲ. ನಾವು ಲಿಪ್‌ಸ್ಟಿಕ್ ತಿರುಗಿಸಿ ಮೇಲೆ ತರುತ್ತೇವಲ್ಲ, ಅದಕ್ಕೆ ಜೇಮ್ಸ್ ಬ್ರೂಸ್ ಮೇಸನ್ ಜೂನಿಯರ್ ಪೇಟೆಂಟ್ ಪಡೆದದ್ದು 1923ರಲ್ಲಿ. ಅದಕ್ಕೂ ಹಿಂದಿನ ಲೋಹದ ಕೊಳವೆಗಳಲ್ಲಿ ಪಕ್ಕದ ಸಣ್ಣ ಹಿಡಿಯನ್ನು ಮೇಲಕ್ಕೆ ತಳ್ಳಬೇಕಿತ್ತು. ಹಳೆಯದು ಕೈಗೆ ಸಿಕ್ಕರೆ ಮೊದಲು ನೋಡಬೇಕಾದದ್ದು ಅದೇ, ತಿರುಗುತ್ತದಾ, ತಳ್ಳುತ್ತದಾ. ಜಪಾನಿನ ಕಾನೆಬೊ ಕಂಪನಿ 1991ರಿಂದ 'ಮಿಲಾನೊ ಕಲೆಕ್ಷನ್' ಅಂತ ಪ್ರತಿ ವರ್ಷ ಹೊಸ ಅಚ್ಚಿನ ಪೌಡರ್ ತರುತ್ತದೆ, ಅಚ್ಚಿನಲ್ಲಿ ರೆಕ್ಕೆಯ ಏಂಜೆಲ್‌ಗಳು. ಫ್ರಾನ್ಸಿನ ಗೆರ್ಲೆನ್ ಕಂಪನಿಯ 'ಮೆಟಿಯೊರಿಟ್' 1987ರಲ್ಲಿ ಬಂತು. ಡಬ್ಬಿ ತೆರೆದರೆ ತಿಳಿ ಬಣ್ಣಗಳ ಪೌಡರ್ ಗೋಲಿಗಳು, ಜೊತೆಗೆ ವಯಲೆಟ್ ಹೂವಿನ ಪರಿಮಳ. ನನ್ನ ಮುಖಕ್ಕೆ ಸುಗಂಧ ಆಗದು ಅಂದೆನಲ್ಲ. ಆದ್ದರಿಂದ ಅದು ತಟ್ಟೆಗೆ ಬರುವುದಿಲ್ಲ. ಡ್ರಾಯರ್ ಎಳೆದಾಗ ಮೂಗಿಗೆ ಬಂದರೆ ಸಾಕು.

ಅಚ್ಚಿನ ಪೌಡರ್ ತಂದವರಿಗೆಲ್ಲ ಒಂದೇ ಸಂಕಟ. ಮುಟ್ಟೋದಾ, ಬೇಡವಾ? ಮುಟ್ಟಿ. ಆದರೆ ಉಪಾಯವಾಗಿ. ಹೆಚ್ಚಿನ ಅಚ್ಚುಗಳಲ್ಲಿ ಸುತ್ತ ಒಂದು ಬೋಳು ಅಂಚು ಇರುತ್ತದೆ. ತೆಳ್ಳನೆಯ, ಮೃದು ಕೂದಲಿನ ಬ್ರಷ್ ತೆಗೆದುಕೊಂಡು ಆ ಅಂಚಿನಲ್ಲೇ ಸುತ್ತಿ. ನನ್ನ ಹತ್ತಿರ ಒಂದು ಗುಲಾಬಿ ಅಚ್ಚಿನ ಬ್ಲಶ್ ಇದೆ. ಎರಡು ವರ್ಷದಿಂದ ಅಂಚಿನಲ್ಲೇ ಬಳಸುತ್ತಿದ್ದೇನೆ. ಅಲ್ಲೊಂದು ಕಾಲುವೆ ತೋಡಿದ ಹಾಗಾಗಿ ತಳದ ತಗಡು ಕಾಣುತ್ತಿದೆ. ನಡುವಿನ ಐದು ಎಸಳು ಹಾಗೇ ಇವೆ. ಬ್ರಷ್ಷಿನ ಒಂದು ಕೂದಲು ತಾಗಿ ಒಂದು ಎಸಳಿನ ತುದಿ ಮಾತ್ರ ಮೊಂಡಾಗಿದೆ. ಅವತ್ತು ನನಗೆ ಊಟ ಸೇರಲಿಲ್ಲ.

ಮೇಲೆ ಚಿನ್ನದ ಹೊಳಪಿದ್ದರೆ ಅಂಗಡಿಯ ಟೆಸ್ಟರ್ ನೋಡಿ. ಟೆಸ್ಟರಿನಲ್ಲಿ ಹೊಳಪು ಹೋಗಿದ್ದರೆ ಅದು ಮೇಲಿಂದ ಸಿಂಪಡಿಸಿದ್ದು, ಎರಡು ಸಲ ಬ್ರಷ್ ಆಡಿಸಿದರೆ ಮುಗಿಯಿತು. ಪೌಡರಿನ ಮೇಲೆ ಗಟ್ಟಿ, ಮಿಂಚುವ ಪದರ ಕಟ್ಟಿ ಬ್ರಷ್ಷಿಗೆ ಏನೂ ಬರದಿದ್ದರೆ ಗಾಬರಿ ಬೇಡ. ಮುಖದ ಜಿಡ್ಡು ಪಫ್ ಮೂಲಕ ಅದರ ಮೇಲೆ ಕೂತಿರುತ್ತದೆ. ಸೆಲ್ಲೋಟೇಪನ್ನು ಹಗುರಾಗಿ ಅಂಟಿಸಿ ಎಳೆಯಿರಿ. ಅಚ್ಚಿನ ಮೇಲೆ ಮಾತ್ರ ಈ ಸಾಹಸ ಬೇಡ.

ಒಡೆದರೆ? ನನಗೆ ಅಂಚೆಯಲ್ಲಿ ಬಂದ ಒಂದು ಕಾಂಪ್ಯಾಕ್ಟ್ ತೆರೆದಾಗ ಪುಡಿಪುಡಿ. ಪೂರ್ತಿ ಪುಡಿ ಮಾಡಿ, ಕೆಲವು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕಲಸಿ, ಟಿಶ್ಯೂ ಇಟ್ಟು ನಾಣ್ಯದಿಂದ ಒತ್ತಿ, ಒಂದು ದಿನ ತೆರೆದಿಟ್ಟು ಒಣಗಿಸಿದೆ. ಅಚ್ಚು ಹೋಯಿತು, ಪೌಡರ್ ಉಳಿಯಿತು. ಈಗ ಪ್ರಯಾಣಕ್ಕೆ ಹೊರಟರೆ ಕನ್ನಡಿಗೂ ಪೌಡರಿಗೂ ನಡುವೆ ಒಂದು ಹತ್ತಿಯ ಪ್ಯಾಡ್ ಇಡುತ್ತೇನೆ.

ಇಡುವ ಜಾಗ ಕತ್ತಲಾಗಿರಲಿ, ಒಣಗಿರಲಿ. ಬಾತ್‌ರೂಮ್ ಬೇಡ, ಹಬೆಗೆ ಲೋಹ ಕಿಲುಬು ಹಿಡಿಯುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿಗಳನ್ನು ಬಿಸಾಡದೆ ಡ್ರಾಯರಿನ ಮೂಲೆಗೆ ಹಾಕಿ. ಕನ್ನಡಿಗೆ ನೇರವಾಗಿ ಏನನ್ನೂ ಸ್ಪ್ರೇ ಮಾಡಬೇಡಿ, ನೀರು ಅಂಚಿನಿಂದ ಒಳಗಿಳಿದು ಹಿಂದಿನ ಲೇಪ ಕೀಳುತ್ತದೆ. ಬಟ್ಟೆ ಒದ್ದೆ ಮಾಡಿ ಹಿಂಡಿ ಒರೆಸಿ. ಹಳೆಯ ಸೆಲ್ಯುಲಾಯ್ಡ್ (ಹಿಂದಿನ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಡಬ್ಬಿ ಸಿಕ್ಕಿದರೆ ಅದನ್ನು ಬೇರೆಯೇ ಇಡಿ. ಹಳತಾದಂತೆ ಅದರಿಂದ ಆಮ್ಲದ ಆವಿ ಹೊರಟು ಪಕ್ಕದ ಲೋಹವನ್ನೂ ಕೆಡಿಸುತ್ತದೆ.

ತೆರೆದ ದಿನವನ್ನು ತಳದಲ್ಲಿ ಸಣ್ಣ ಸ್ಟಿಕರ್ ಮೇಲೆ ಬರೆಯಿರಿ. ಪ್ಯಾಕಿನ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ ಇರುತ್ತದಲ್ಲ, ಅದರೊಳಗಿನ 6, 12 ಅಂದರೆ ತೆರೆದ ಮೇಲೆ ಅಷ್ಟು ತಿಂಗಳು. ಮಸ್ಕಾರಾ ಮೂರು ತಿಂಗಳಿಗೇ ಸಾಕು, ಕಣ್ಣಿನ ವಿಷಯ. ಪೌಡರ್ ತುಂಬ ದಿನ ತಾಳುತ್ತದೆ. ಲಿಪ್‌ಸ್ಟಿಕ್ ಹಳೇ ಎಣ್ಣೆಯ ವಾಸನೆ ಬಂದರೆ ಮುಗಿಯಿತು. ಹಾಗಂತ ಬಿಸಾಡಬೇಕಿಲ್ಲ. ನಾನು ಕೆಂಪು ಚುಕ್ಕಿ ಅಂಟಿಸುತ್ತೇನೆ. ಚುಕ್ಕಿ ಇದ್ದದ್ದು ಬರೀ ನೋಡಲು. ಚಿಕ್ಕಮ್ಮನ ಕಾಂಪ್ಯಾಕ್ಟಿಗೂ ಚುಕ್ಕಿ ಇದೆ. ಅದರ ಹಳೇ ಪಫ್ ಅನ್ನು ಕೆನ್ನೆಗೆ ತಾಗಿಸುವ ಧೈರ್ಯ ನನಗಿಲ್ಲ.

ಕೊಳ್ಳುವಾಗ ಒಂದು ಅಡ್ಡಗೋಡೆ ಹಾಕಿಕೊಳ್ಳಿ. ಡ್ರಾಯರಿನ ಫೋಟೋ ನನ್ನ ಫೋನಿನಲ್ಲಿದೆ. ಹೊಸದು ಕಂಡಾಗ ಅದನ್ನು ತೆಗೆದು ನೋಡುತ್ತೇನೆ. ಹತ್ತರಲ್ಲಿ ಆರು ಸಲ ಅಂಥದ್ದೇ ಗುಲಾಬಿ ಬಣ್ಣ ಆಗಲೇ ಅಲ್ಲಿರುತ್ತದೆ. 'ಇವತ್ತು ಬಿಟ್ಟರೆ ಸಿಗಲ್ಲ' ಅನ್ನಿಸಿದರೆ ಹತ್ತು ದಿನ ತಡೆಯುತ್ತೇನೆ. ಕೆಲವು ನಿಜಕ್ಕೂ ಸಿಕ್ಕಿಲ್ಲ. ಒಂದೆರಡರ ಹೆಸರು ಇನ್ನೂ ನೆನಪಿದೆ, ಉಳಿದದ್ದು ಮರೆತೇಹೋಗಿದೆ. ರೀಫಿಲ್ ಹಾಕಬಹುದಾದ ಕೇಸ್ ಸಿಕ್ಕರೆ ಅದಕ್ಕೇ ನನ್ನ ಓಟು. ಮತ್ತೆ, ಡ್ರಾಯರಿನಿಂದ ಮುಖಕ್ಕೆ ಏನನ್ನಾದರೂ ತರುವುದು ಕೆನ್ನೆ ಮುಟ್ಟಿ ನೋಡಿ, ಅದು ಶಾಂತವಾಗಿದ್ದ ದಿನ ಮಾತ್ರ.

ಮೊನ್ನೆ ಅಕ್ಕ ಬಂದಿದ್ದಳು. ಮೂರನೇ ಡ್ರಾಯರಿನಲ್ಲಿ ನೀಲಿ ಜಾಡಿ ಕಂಡು, "ಇದನ್ನ ಇನ್ನೂ ಬಿಸಾಕಿಲ್ವಾ?" ಅಂದಳು. ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಸೇಫ್ಟಿ ಪಿನ್ನುಗಳು. ಸೆರಗಿಗೆ ಬೇಕು ಅಂತ ಎರಡು ತೆಗೆದುಕೊಂಡಳು. ಮುಚ್ಚಳ ಇಟ್ಟಳು, ದಪ್. ಆಮೇಲೆ ಮತ್ತೆ ಎತ್ತಿ ಇನ್ನೊಂದು ಸಲ ಇಟ್ಟಳು.