ಒಂದು ಮೈಲಿಗೆ 21 ಅಲ್ಲ, 67 ಸೆಂಟ್: ಬಾಕಿ ಹಣ ವಸೂಲಿ ಮಾಡಿದ ನನ್ನ ಅನುಭವ

2025ರ ಫೆಬ್ರವರಿಯಲ್ಲಿ ಪ್ರೈಮ್ ಕಂಪನಿಯಿಂದ (ಸರ್ಕಾರದಿಂದ ನೇರವಾಗಿ ಗುತ್ತಿಗೆ ಪಡೆದ ಮುಖ್ಯ ಕಂಪನಿ) ಸುಮಾರು 3,700 ಡಾಲರ್ ಬಾಕಿ ಒಂದೇ ಸಲಕ್ಕೆ ಬಂತು. ಎಲ್ಲಾ 2024ರ ಮೈಲೇಜ್ ಹಣ, ಅಂದರೆ ಕೆಲಸಕ್ಕೆ ಸ್ವಂತ ಕಾರು ಓಡಿಸಿದ್ದಕ್ಕೆ ಮೈಲಿ ಲೆಕ್ಕದಲ್ಲಿ ಕೊಡುವ ದುಡ್ಡು. ಅದು ಬರಲ್ಲ, ಬಿಟ್ಟುಬಿಡು ಅಂದವರು ಕಡಿಮೆ ಅಂದ್ರೂ ಐದಾರು ಜನ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೇರಿಲ್ಯಾಂಡಿನಲ್ಲಿ ಒಬ್ಬನೇ ಎಲ್‌ಎಲ್‌ಸಿ (ಸಣ್ಣ ಕಂಪನಿ) ನಡೆಸುತ್ತೇನೆ. ಫೆಡರಲ್ ಸರ್ಕಾರದ ಕೆಲಸದಲ್ಲಿ ಸಬ್, ಅಂದರೆ ಪ್ರೈಮ್‌ನ ಕೆಳಗಿನ ಉಪಗುತ್ತಿಗೆದಾರ. ಟೈಮ್ ಅಂಡ್ ಮೆಟೀರಿಯಲ್ಸ್ ಕಾಂಟ್ರಾಕ್ಟ್, ಅಂದರೆ ದುಡಿದ ಗಂಟೆಗೂ ಆದ ಖರ್ಚಿಗೂ ಬಿಲ್. ಮನೆ ಫ್ರೆಡರಿಕ್, ಆಫೀಸು ಕೊಲಂಬಿಯಾ. ವಾರಕ್ಕೆ ಎರಡು ಸಲ ನನ್ನ ಹಳೇ ಕ್ಯಾಮ್ರಿಯಲ್ಲೇ ಅಬರ್ಡೀನ್ ಪ್ರೂವಿಂಗ್ ಗ್ರೌಂಡ್ ಅನ್ನೋ ಸೇನಾ ನೆಲೆಗೆ ಹೋಗಿ ಬರಬೇಕು.

ಮೊದಲ ತಪ್ಪು ನನ್ನದೇ. ಮನೆಯಿಂದ ಲೆಕ್ಕ ಹಾಕಿ 150 ಮೈಲಿ ಬರೆದೆ. ಮನೆಯಿಂದ ಆಫೀಸಿನ ಓಡಾಟಕ್ಕೆ ಯಾರೂ ದುಡ್ಡು ಕೊಡಲ್ಲ ಅಂತ ಗೊತ್ತಿದ್ದೂ ಬರೆದಿದ್ದೆ. ಪ್ರೈಮ್‌ನವರು ಅದನ್ನು ಕತ್ತರಿಸಿ, ಆಫೀಸಿನಿಂದ ಲೆಕ್ಕ ಹಾಕಿ 100ಕ್ಕೆ ಇಳಿಸಿದರು. ಅದು ಸರಿಯೇ. ಆಮೇಲೆ ಎರಡು ತಿಂಗಳ ಇನ್‌ವಾಯ್ಸ್ ಪೂರ್ತಿ ವಾಪಸ್ ಬಂತು. ಯಾಕೆ ಹೋದೆ ಅನ್ನೋ ಕಡೆ ಬರೀ 'ಸೈಟ್ ವಿಸಿಟ್' ಅಂತ ಬರೆದಿದ್ದೆ. ಎಫ್‌ಎಆರ್ (ಸರ್ಕಾರಿ ಖರೀದಿಯ ನಿಯಮಾವಳಿ) 31.205-46 ಕೇಳೋದು ತಾರೀಖು, ಜಾಗ, ಉದ್ದೇಶ, ಹೋದವರ ಹೆಸರು ಮತ್ತು ಹುದ್ದೆ. ಅಷ್ಟು ಬರೆದರೆ ಆಡಿಟ್‌ನಲ್ಲೂ ತಕರಾರು ಬರಲ್ಲ. ಆ ಎರಡು ತಿಂಗಳ ಟೋಲ್ ಕೂಡ ಹೋಯಿತು. ದಾರಿಯಲ್ಲಿ ಬರುವ ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಸುರಂಗಕ್ಕೆ ಮೇರಿಲ್ಯಾಂಡ್ ಇ-ಜಡ್‌ಪಾಸ್‌ನಲ್ಲಿ (ಕಾರಿಗೆ ಹಚ್ಚುವ ಟೋಲ್ ಟ್ಯಾಗ್) ಆಗ ಒಂದು ಕಡೆಗೆ 3 ಡಾಲರ್ ಇತ್ತು. ಅದು ಮೈಲೇಜ್ ದರದೊಳಗೆ ಸೇರಿಲ್ಲ, ಬೇರೆಯಾಗಿ ಕೇಳಬೇಕು. ನಾನು ಕೇಳಿರಲಿಲ್ಲ. ನೂರು ಡಾಲರ್ ಹತ್ತಿರ ಕೈಬಿಟ್ಟು ಹೋಯಿತು.

ನಿಜವಾದ ಪೆಟ್ಟು ದರದ್ದು. ಜಿಎಸ್‌ಎ (ಪ್ರಯಾಣದ ದರ ಪ್ರಕಟಿಸುವ ಸರ್ಕಾರಿ ಸಂಸ್ಥೆ) ಪಟ್ಟಿಯಲ್ಲಿ ಕಾರಿನ ಮೈಲಿ ದರಕ್ಕೆ ಎರಡು ಸಾಲು ಇವೆ. 2024ಕ್ಕೆ ಮೇಲಿನದು 67 ಸೆಂಟ್, ಕೆಳಗಿನದು 21. ಸರ್ಕಾರಿ ವಾಹನ ಸಿಗುವಂತಿದ್ದೂ ಸ್ವಂತ ಕಾರು ತಗೊಂಡು ಹೋಗುವ ನೌಕರರಿಗೆ ಆ 21. ಪ್ರೈಮ್‌ನ ಅಕೌಂಟ್ಸ್‌ನವರು 'ಬೇಸ್‌ನಲ್ಲಿ ಸರ್ಕಾರಿ ಕಾರುಗಳಿವೆ' ಅಂತ ನನಗೂ ಅದನ್ನೇ ಹಚ್ಚಿದರು. ಒಂದು ಟ್ರಿಪ್ಪಿಗೆ 67 ಡಾಲರ್ ಬರೋ ಕಡೆ 21 ಬಂತು. ಅಂಥ ಟ್ರಿಪ್ಪು ವರ್ಷಕ್ಕೆ ಎಂಬತ್ತರ ಹತ್ತಿರ.

ಕನ್ನಡ ಸಂಘದ ಊಟದಲ್ಲಿ ಪಕ್ಕ ಕೂತ ಗೆಳೆಯ, "ಬಾಕೀದನ್ನ ಟ್ಯಾಕ್ಸಲ್ಲಿ ಕಳಿ ಮಾರಾಯ, ಸುಮ್ನೆ ಪ್ರೈಮ್ ಜೊತೆ ಯಾಕೆ ಕಿರಿಕ್ಕು?" ಅಂದ. ಸ್ವಂತ ಬಿಸಿನೆಸ್ ಇರೋದರಿಂದ ನನಗೆ ಕಳೆಯೋಕೆ ಬರುತ್ತೆ. ಆದರೆ ಒಂದು ಟ್ರಿಪ್ಪಿಗೆ ಬಾಕಿ ಉಳಿದ 46 ಡಾಲರ್ ಕಳೆದರೆ ತೆರಿಗೆಯಲ್ಲಿ ಉಳಿಯೋದು ಹದಿನೈದು-ಹದಿನೆಂಟು ಡಾಲರ್. ಮಿಕ್ಕಿದ್ದು ನನ್ನ ಜೇಬಿಂದಲೇ ಅಲ್ವಾ? ಡಬ್ಲ್ಯೂ-2 ಸಂಬಳದವರಿಗಂತೂ (ಕಂಪನಿಯ ನೌಕರರಿಗೆ) 2018ರಿಂದ ಆ ದಾರಿಯೂ ಮುಚ್ಚಿದೆ.

ನಡುವೆ ಮೂರು ತಿಂಗಳು ಕಾರಿನ ನಿಜವಾದ ಖರ್ಚು ಬರೆದಿಟ್ಟು ನೋಡಿದೆ. ಗ್ಯಾಸ್‌ಗೆ, ಅಂದರೆ ಪೆಟ್ರೋಲಿಗೆ, ಒಂದು ಮೈಲಿಗೆ 11-12 ಸೆಂಟ್. ಟೈರ್, ಸರ್ವಿಸ್, ಇನ್ಶೂರೆನ್ಸ್, ಕಾರಿನ ಸವಕಳಿ ಸೇರಿಸಿದರೆ 45ರ ಆಸುಪಾಸು. ಅಂದರೆ 21ರಲ್ಲಿ ಪ್ರತಿ ಮೈಲಿಗೂ ನಾನೇ ದುಡ್ಡು ಹಾಕುತ್ತಿದ್ದೆ. ಮೈಲಿ ಲೆಕ್ಕ ಇಡೋ ಫೋನಿನ ಆ್ಯಪ್ ಕೂಡ ಪ್ರಯತ್ನ ಮಾಡಿದೆ. ಭಾನುವಾರ ಲ್ಯಾನ್‌ಹ್ಯಾಮ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಹೋದದ್ದನ್ನೂ ಕೆಲಸದ ಟ್ರಿಪ್ ಅಂತ ಸೇರಿಸಿತು. ಟ್ರಿಪ್ಪು ಬರೆದಿಡೋ ಕಾಗದದ ಪುಸ್ತಕಕ್ಕೇ ವಾಪಸಾದೆ. ಕಾರಿನ ಓಡೋಮೀಟರ್ ಮ್ಯಾಪ್‌ಗಿಂತ ನೂರಕ್ಕೆ ಎರಡು ಮೈಲಿ ಜಾಸ್ತಿ ತೋರಿಸುತ್ತಿತ್ತು. ನಾನು ಎರಡನ್ನೂ ಬರೆದು, ಮ್ಯಾಪ್ ದೂರಕ್ಕೆ ಮಾತ್ರ ಬಿಲ್ ಮಾಡುತ್ತೇನೆ. ಆ ಎರಡು ಮೈಲಿ ಬಿಟ್ಟಿದ್ದಕ್ಕೆ ನನ್ನ ಪುಸ್ತಕವನ್ನ ನಂಬುತ್ತಾರೆ.

ಇನ್ನು ಹಣ ಬಂದ ದಾರಿ. ಹೊಟೇಲು, ಊಟಕ್ಕೆ ಎಫ್‌ಎಆರ್ ಸರ್ಕಾರಿ ಮಿತಿ ಕಟ್ಟುತ್ತೆ. ಓಡಾಟಕ್ಕೆ ಮೈಲಿ ದರ, ನಿಜವಾದ ಖರ್ಚು, ಎರಡರ ಮಿಶ್ರಣ, ಯಾವುದಾದರೂ ಆಗಬಹುದು, ನ್ಯಾಯವಾಗಿದ್ದರೆ ಸಾಕು ಅನ್ನುತ್ತೆ. 21 ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೆ ನಮ್ಮ ಕಾಂಟ್ರಾಕ್ಟಿನಲ್ಲೇ ಫೆಡರಲ್ ಟ್ರಾವೆಲ್ ರೆಗ್ಯುಲೇಶನ್ (ಸರ್ಕಾರಿ ನೌಕರರ ಪ್ರಯಾಣದ ನಿಯಮ) ಪ್ರಕಾರ ಅಂತ ಬರೆದಿತ್ತು. ಹಾಗಾಗಿ ನನಗೆ 67ಕ್ಕಿಂತ ಮೇಲೆ ಕೇಳುವ ಹಾಗಿರಲಿಲ್ಲ. ಮೊದಲು ನಿಮ್ಮ ಕಾಂಟ್ರಾಕ್ಟಿನ ಟ್ರಾವೆಲ್ ಪ್ಯಾರಾ ಹುಡುಕಿ ಓದಿ. ನನ್ನದರಲ್ಲಿ ಕಾಂಟ್ರಾಕ್ಟರ್‌ಗೆ ಸರ್ಕಾರಿ ವಾಹನ ಕೊಡುವ ಮಾತೇ ಇರಲಿಲ್ಲ. ಅನುಮತಿ ಇಲ್ಲದೆ ಆ ಕಾರಿನ ಕೀಲಿ ನನ್ನ ಕೈಗೆ ಬರೋದೇ ಇಲ್ಲ. ಬರದ ಕಾರು 'ಸಿಗುವ ಕಾರು' ಹೇಗಾಗುತ್ತೆ?

ಸಬ್ ಆದವನು ನೇರವಾಗಿ ಸರ್ಕಾರದ ಕಡೆಯ ಕಾಂಟ್ರಾಕ್ಟಿಂಗ್ ಆಫೀಸರ್‌ಗೆ ಬರೆಯೋ ಹಾಗಿಲ್ಲ. ಪ್ರೈಮ್‌ನ ಪ್ರೋಗ್ರಾಮ್ ಮ್ಯಾನೇಜರ್ ಮೂಲಕ ಒಂದೇ ಪ್ರಶ್ನೆ ಕಳಿಸಿದೆ: ಈ ಕಾಂಟ್ರಾಕ್ಟಿನ ಸಿಬ್ಬಂದಿಗೆ ಸರ್ಕಾರಿ ವಾಹನ ಕೊಡುತ್ತೀರಾ, ಇಲ್ಲವಾ? ದರದ ಸುದ್ದಿಯನ್ನೇ ಎತ್ತಲಿಲ್ಲ. ಮೂರು ಸಲ ನೆನಪಿಸಬೇಕಾಯಿತು. ಕೊನೆಗೆ 'ಇಲ್ಲ' ಅಂತ ಒಂದೇ ಸಾಲಿನ ಇಮೇಲ್ ಬಂತು. ಅದರ ಜೊತೆ ವರ್ಷದ ಪುಸ್ತಕ ಮತ್ತು ಒಂದು ಪುಟದ ಲೆಕ್ಕ ಲಗತ್ತಿಸಿ ಪ್ರೈಮ್‌ಗೆ ಕಳಿಸಿದೆ. ಆ ಒಂದು ಪುಟವನ್ನು ಹೇಗೆ ಜೋಡಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

2024ರ ಮಾರ್ಚ್ 26ಕ್ಕೆ ಬಾಲ್ಟಿಮೋರಿನ ಕೀ ಸೇತುವೆ ಬಿದ್ದ ಮೇಲೆ ಸುರಂಗದ ದಾರಿ ಜಾಮ್. ಕೆಲವು ದಿನ 695 ಹೆದ್ದಾರಿಯಲ್ಲಿ ಪಶ್ಚಿಮದಿಂದ ಸುತ್ತಿ ಹೋದೆ, ಏಳೆಂಟು ಮೈಲಿ ಜಾಸ್ತಿ. ಕಾರಣವನ್ನು ಅವತ್ತೇ ಬರೆದಿದ್ದರಿಂದ ಅದನ್ನೂ ಕೊಟ್ಟರು. ದರ ನೋಡುವಾಗ ಬಿಲ್ಲಿನ ತಾರೀಖಲ್ಲ, ಪ್ರಯಾಣದ ತಾರೀಖು ಹಿಡಿಯಿರಿ. 2022ರಲ್ಲಿ ಜುಲೈಗೆ 58.5ರಿಂದ 62.5 ಆದಾಗ ನಾನು ಗಮನಿಸದೆ ಮೂರು ತಿಂಗಳು ಹಳೇ ದರದಲ್ಲೇ ಬಿಲ್ ಕಳಿಸಿದ್ದೆ.

2025ರ ಜನವರಿಯಿಂದ ದರ 70 ಸೆಂಟ್ ಆಯಿತು. ಮೊದಲ ವೌಚರ್ ಒಂದು ಪ್ರಶ್ನೆಯೂ ಇಲ್ಲದೆ ಪಾಸಾಯಿತು. ಆಮೇಲೆ ಅಕೌಂಟ್ಸ್‌ನವರೇ ಫೋನ್ ಮಾಡಿ, ಬೇರೆ ಸಬ್‌ಗಳಿಗೂ ಕೊಡುತ್ತೇವೆ, ನಿಮ್ಮ ಪುಸ್ತಕದ ಖಾಲಿ ಹಾಳೆ ಕಳಿಸಿ ಅಂದರು. ಕಳಿಸಿದೆ. ಕೊನೆಯ ಕಾಲಂ ಮಾತ್ರ ತೆಗೆದು ಕಳಿಸಿದೆ.