ದಾವಣಗೆರೆಯಿಂದ ಒಬ್ಬರೇ ಕಾರ್ಬೆಟ್ ಕಾಡಿಗೆ ಹೊರಟವರಿಗೆ

ಮೊದಲು ಸಫಾರಿ ಪರ್ಮಿಟ್, ಆಮೇಲೆ ರೈಲು. ಈ ಕ್ರಮ ತಪ್ಪಿದರೆ ಉತ್ತರಾಖಂಡದ ರಾಮನಗರದವರೆಗೆ ಹೋಗಿಯೂ ಕಾಡಿನೊಳಗೆ ಕಾಲಿಡಲು ಆಗಲ್ಲ. ಢಿಕಾಲಾ ವಲಯ ನವೆಂಬರ್ 15ರಿಂದ ಜೂನ್ 15ರವರೆಗೆ ಮಾತ್ರ. ಝಿರ್ನಾ, ಢೇಲಾ ವರ್ಷವಿಡೀ ತೆರೆದಿರುತ್ತವೆ. ಪರ್ಮಿಟ್‌ನಲ್ಲಿ ಬರೆದ ಗುರುತಿನ ಚೀಟಿಯ ಅಸಲನ್ನೇ ಒಯ್ಯಿರಿ. ಜೀಪಿಗೆ ಆರು ಜನ. ಒಬ್ಬರೇ ಇದ್ದರೂ ಪೂರ್ತಿ ಜೀಪಿನ ಬಾಡಿಗೆ ಬೀಳುತ್ತೆ, ಹಾಗಾಗಿ ಬುಕ್ ಮಾಡುವ ಮೊದಲೇ ಜೊತೆ ಹುಡುಕಿಕೊಳ್ಳಿ.

ರೈಲು ಬುಕಿಂಗ್ 60 ದಿನ ಮೊದಲು ಶುರು. ಸಂಪರ್ಕ ಕ್ರಾಂತಿ ರೈಲುಗಳಲ್ಲಿ 12629 ನೋಡಿ, ಅದು ನಮ್ಮೂರ ಮೇಲೆ ಹೋಗುತ್ತೆ. 12649 ಕಾಚಿಗುಡ ದಾರಿ ಹಿಡಿಯುತ್ತೆ, ಹೆಸರು ಒಂದೇ ಅಂತ ಮೋಸ ಹೋಗಬೇಡಿ. ಎರಡು ರಾತ್ರಿ ಕಳೆದು ದೆಹಲಿಯ ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದರೆ, ಸರಾಯ್ ಕಾಲೇ ಖಾನ್ ಕಡೆಯಿಂದ ಪಿಂಕ್ ಲೈನ್ ಮೆಟ್ರೊ ನೇರ ಆನಂದ್ ವಿಹಾರ್‌ಗೆ. ಅಲ್ಲಿಂದ ರಾಮನಗರಕ್ಕೆ ಬಸ್, ಸುಮಾರು 250 ಕಿ.ಮೀ. ಡಿಸೆಂಬರ್, ಜನವರಿಯಲ್ಲಿ ಮಂಜಿಗೆ ರೈಲು ಗಂಟೆಗಟ್ಟಲೆ ತಡವಾಗುತ್ತೆ. ದೆಹಲಿ ತಲುಪುವುದಕ್ಕೂ ಸಫಾರಿಗೂ ನಡುವೆ ಒಂದು ಪೂರ್ತಿ ದಿನ ಬಿಡಿ.

ಚಳಿಯನ್ನು ಹಗುರವಾಗಿ ತಗೋಬೇಡಿ. ನಮ್ಮ ಸ್ವೆಟರ್ ತೆರೆದ ಜೀಪಿನಲ್ಲಿ ಸಾಲಲ್ಲ. ಗಾಳಿ ಹೆಣಿಗೆಯ ಸಂದಿಯಲ್ಲೇ ನುಗ್ಗಿ, ಮೊದಲು ಬೆರಳು ಮರಗಟ್ಟುತ್ತೆ, ಕ್ಯಾಮೆರಾ ಗುಂಡಿ ಒತ್ತಲೂ ಆಗಲ್ಲ. ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು ಬೇಕೇಬೇಕು. ಭಾರ ಅನ್ನಿಸದಿದ್ದರೆ ಚಳ್ಳಕೆರೆ ಕಂಬಳಿಯನ್ನೇ ಮಡಚಿಕೊಂಡು ಹೋಗಿ, ಮೊಣಕಾಲಿಗೆ ಅದಕ್ಕಿಂತ ಬೆಚ್ಚಗಿನದು ಇನ್ನೊಂದಿಲ್ಲ.