ಬೆಳಿಗ್ಗೆ ಕಾಡು, ಮಧ್ಯಾಹ್ನ ಅಣ್ಣನ ಮನೆ

ಮೊದಲ ದಿನವೇ ಬೇಸ್ತು ಬಿದ್ದೆವು. ಫ್ಲೋರಿಡಾದ ಒರ್ಲ್ಯಾಂಡೊ ಹತ್ತಿರದ ವೆಕೈವಾ ಸ್ಪ್ರಿಂಗ್ಸ್‌ಗೆ ತಲುಪಿದಾಗ ಹನ್ನೊಂದು ಗಂಟೆ. ಬುಗ್ಗೆನೀರಿನ ಆ ಪಾರ್ಕ್ ಆಗಲೇ ತುಂಬಿ ಗೇಟು ಮುಚ್ಚಿತ್ತು. 2024ರ ಜುಲೈ, ಅದೂ ನಾಲ್ಕನೇ ತಾರೀಖಿನ ಅಮೆರಿಕದ ಸ್ವಾತಂತ್ರ್ಯ ದಿನದ ರಜೆಯ ವಾರ. ನಿಧಾನಕ್ಕೆ ದೋಸೆ ಹುಯ್ದುಕೊಂಡು ತಿಂದು, ಎರಡನೇ ಸಲ ಕಾಫಿ ಕುಡಿದು ಹೊರಟವರಿಗೆ ಇನ್ನೇನಾಗಬೇಕು? ವಾಪಸ್ ಬಂದು ಊಟ ಮಾಡಿ, ಸಂಜೆಯಾದರೂ ಎಲ್ಲಾದರೂ ಹೋಗೋಣ ಅಂದುಕೊಂಡರೆ ಎರಡೂವರೆಗೆ ಆಕಾಶ ಕಪ್ಪಾಯಿತು. ಕಿವಿ ಗುಂಯ್ ಅನ್ನುವಂಥ ಗುಡುಗು, ಆಮೇಲೆ ಮಳೆ.

ನಾವಿರುವುದು ಅಟ್ಲಾಂಟಾದಲ್ಲಿ. ಅಣ್ಣ ಒರ್ಲ್ಯಾಂಡೊದಲ್ಲಿ, ಚಿಕ್ಕಮ್ಮನ ಮಗಳು ಮಯಾಮಿ ಕಡೆ. ಅಮ್ಮ ಮೈಸೂರಿನಿಂದ ಬಂದಿದ್ದರು, ಹಾಗಾಗಿ ಎಲ್ಲರನ್ನೂ ನೋಡಿ ಬರೋಣ ಅಂತ ಕಾರಿನಲ್ಲೇ ಹೊರಟಿದ್ದೆವು. ಐಸ್ ಬಾಕ್ಸಿನಲ್ಲಿ ಮೊಸರನ್ನ, ಡಬ್ಬಿಯಲ್ಲಿ ಪುಳಿಯೋಗರೆ. ದಾರಿ ಏಳು ಗಂಟೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಒರ್ಲ್ಯಾಂಡೊ ಇರುವುದು ಹೆಚ್ಚುಕಡಿಮೆ ದೆಹಲಿಯ ಅಕ್ಷಾಂಶದಲ್ಲೇ. ಸೆಖೆ ಮಾತ್ರ ಮಂಗಳೂರಿನದು. ಫ್ಲೋರಿಡಾದ ಎರಡೂ ಕಡೆ ಸಮುದ್ರ ಅಲ್ವಾ? ಬೇಸಿಗೆಯ ಬಿಸಿಲಿಗೆ ನಡುವಿನ ನೆಲ ಕಾಯುತ್ತದೆ. ಎರಡೂ ಕಡೆಯ ಸಮುದ್ರದ ಗಾಳಿ ಒಳಗೆ ನುಗ್ಗಿ ಡಿಕ್ಕಿ ಹೊಡೆದು ಮೇಲೇರಿ ಮೋಡ ಕಟ್ಟುತ್ತದೆ. ಅದಕ್ಕೇ ಈ ಮಳೆ ಬಹಳಷ್ಟು ದಿನ ಮಧ್ಯಾಹ್ನವೇ ಬರುವುದು. ಅರ್ಧ ಗಂಟೆಯಲ್ಲಿ ನಿಂತೂ ಹೋಯಿತು. ತೀರ್ಥಹಳ್ಳಿ ತವರಿನ ಅಮ್ಮನಿಗೆ ಇದು ಲೆಕ್ಕಕ್ಕೇ ಇಲ್ಲ. "ಇದೂ ಒಂದು ಮಳೆನಾ? ನಮ್ಮೂರಲ್ಲಿ ಹಿಡಿದರೆ ಎಂಟು ದಿನ ಬಿಡಲ್ಲ" ಅಂದರು. ಮಳೆಯೇನೋ ಸರಿ, ಸಿಡಿಲು ಮಾತ್ರ ಹುಡುಗಾಟವಲ್ಲ. ಗುಡುಗು ಕೇಳಿಸಿದರೆ ನೀರಿನಿಂದ ಎದ್ದು ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಅಣ್ಣನ ಮಕ್ಕಳಿಗೆ ಇದು ಬಾಯಿಪಾಠ.

ಅಂದು ರಾತ್ರಿ ಅತ್ತಿಗೆ ಹೊಸ ಟೈಮ್‌ಟೇಬಲ್ ಹಾಕಿದರು. ಏಳಕ್ಕೆ ಮನೆ ಬಿಡುವುದು, ಹನ್ನೆರಡರೊಳಗೆ ಸುತ್ತಾಟ ಮುಗಿಸುವುದು. ಮಳೆಯ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಊಟ, ನಿದ್ದೆ, ಇಸ್ಪೀಟು, ಹರಟೆ. ನೆಂಟರ ಮನೆಗೆ ಬಂದು ಬರೀ ಊರು ಸುತ್ತಿದರೆ ಮಾತಾಡುವುದು ಯಾವಾಗ ಅನ್ನುವ ಅಮ್ಮನ ದೂರಿಗೂ ಇದೇ ಪರಿಹಾರವಾಯಿತು. ಡಿಸ್ನಿಗೆ ಹೋಗಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಆ ಬಿಸಿಲಲ್ಲಿ, ಆ ರೇಟಿಗೆ, ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಕ್ಯೂ ನಿಲ್ಲುವ ಧೈರ್ಯ ನನಗಿಲ್ಲ.

ಮರುದಿನ ಗೇಟು ತೆರೆಯುವ ಮೊದಲೇ ವೆಕೈವಾದಲ್ಲಿದ್ದೆವು. ಒಂದು ಕಾರಿಗೆ ಆರು ಡಾಲರ್, ಒಳಗೆ ಎಂಟು ಜನ ಇದ್ದರೂ ಅಷ್ಟೇ. ಫ್ಲೋರಿಡಾದ ನೆಲದಡಿ ಸುಣ್ಣಕಲ್ಲು. ಮಳೆನೀರು ಅದರೊಳಗೆ ಇಳಿದು ಸೇರಿಕೊಂಡು, ಎಲ್ಲೋ ಒಂದು ಕಡೆ ಬುಗ್ಗೆಯಾಗಿ ಉಕ್ಕುತ್ತದೆ. ವರ್ಷವಿಡೀ ಸುಮಾರು 22 ಡಿಗ್ರಿ. ಹೊರಗೆ 33 ಇರುವಾಗ ಅದಕ್ಕೆ ಕಾಲಿಟ್ಟರೆ ಮೈ ಜುಂ ಅನ್ನುತ್ತದೆ. ತಳದ ಮರಳೂ ಕಾಣುವಷ್ಟು ತಿಳಿ ನೀರು. ಅಮ್ಮ ಸೀರೆ ಸ್ವಲ್ಪ ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಒಂದೂವರೆ ಗಂಟೆ ಕೂತರು. ಮಂಡಿನೋವು ಎಷ್ಟೋ ವಾಸಿ ಅಂದರು.

ಒಂದು ತಪ್ಪು ನನ್ನದೇ. ಬ್ಲೂ ಸ್ಪ್ರಿಂಗ್ ಅನ್ನುವ ಇನ್ನೊಂದು ಬುಗ್ಗೆಯಲ್ಲಿ ಮ್ಯಾನಟಿ ತೋರಿಸುತ್ತೇನೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿದ್ದೆ. ಎಮ್ಮೆಯಷ್ಟು ದಪ್ಪಗಿರುವ ಆ ಸಾಧು ಪ್ರಾಣಿಗೆ 20 ಡಿಗ್ರಿಗಿಂತ ತಣ್ಣಗಿನ ನೀರು ಆಗಿಬರಲ್ಲ. ಅದಕ್ಕೇ ಚಳಿಗಾಲದಲ್ಲಿ ನದಿ ಬಿಟ್ಟು ಬುಗ್ಗೆಗೆ ಬಂದು ಗುಂಪುಗೂಡುತ್ತವೆ. ಬೇಸಿಗೆಯಲ್ಲಿ ನದಿಯೇ ಬೆಚ್ಚಗಿರುವಾಗ ಇಲ್ಲಿಗೆ ಯಾಕೆ ಬರುತ್ತವೆ? ಮ್ಯಾನಟಿ ಬೇಕಿದ್ದರೆ ಡಿಸೆಂಬರ್, ಜನವರಿಗೆ ಹೋಗಿ. ನನ್ನ ಚಿಕ್ಕ ಮಗ ಇನ್ನೂ ಅದನ್ನು ಎತ್ತಿ ಆಡುತ್ತಾನೆ.

ಮಯಾಮಿಯಲ್ಲಿ ತಂಗಿ ಮನೆಯಲ್ಲಿ ಎರಡು ರಾತ್ರಿ. ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕಿಗೆ ಶಾರ್ಕ್ ವ್ಯಾಲಿ ಕಡೆಯಿಂದ ಹೋದೆವು. ಆಗ ಕಾರಿಗೆ 35 ಡಾಲರ್, ಏಳು ದಿನಕ್ಕೆ. ಅಲ್ಲಿ ಶಾರ್ಕೂ ಇಲ್ಲ, ಕಣಿವೆಯೂ ಇಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲು, ಹುಲ್ಲಿನಡಿ ತೆಳ್ಳಗೆ ಹರಡಿ ದಕ್ಷಿಣಕ್ಕೆ ಮೆಲ್ಲಗೆ ಜಾರುವ ನೀರು. 15 ಮೈಲಿಯ ಸುತ್ತು ದಾರಿಯಲ್ಲಿ ನಡೆದೋ ಸೈಕಲ್ಲಿನಲ್ಲೋ ಹೋಗಬಹುದು. ವಯಸ್ಸಾದವರಿದ್ದರೆ ಸುಮ್ನೆ ಬೆಳಗಿನ ಮೊದಲ ಟ್ರಾಮ್ ಹಿಡಿಯಿರಿ. ಅರ್ಧ ದಾರಿಯಲ್ಲಿರುವ ಗೋಪುರಕ್ಕೆ ಮೆಟ್ಟಿಲಿಲ್ಲ, ಸುತ್ತಿಕೊಂಡು ಏರುವ ದಾರಿ. ಅಮ್ಮನೂ ಹತ್ತಿದರು. ಮಳೆಗಾಲದಲ್ಲಿ ನೀರು ಎಲ್ಲೆಡೆ ಹರಡುವುದರಿಂದ ಆಲಿಗೇಟರ್‌ಗಳೂ ಚದುರಿಹೋಗುತ್ತವೆ. ನಮಗೆ ಸಿಕ್ಕಿದ್ದು ನಾಲ್ಕೇ. "ರಂಗನತಿಟ್ಟಿನ ಮೊಸಳೆಯ ಮೂತಿ ಇಷ್ಟು ಕಪ್ಪಿಲ್ಲ" ಅಂದರು ಅಮ್ಮ. ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತ ಆನ್ಹಿಂಗಾವನ್ನು ಕಂಡ ಕೂಡಲೇ "ಇದು ನಮ್ಮ ಹಾವಕ್ಕಿ!" ಅಂತ ಕೂಗಿದರು. ತಪ್ಪೇನಿಲ್ಲ, ಎರಡೂ ಒಂದೇ ಕುಲದವು. ಸೊಳ್ಳೆಗೆ ಹಚ್ಚಿಕೊಳ್ಳುವ ಔಷಧಿ ಮರೆಯಬೇಡಿ. ಜೊತೆಗೆ ತೆಳು ತುಂಬುತೋಳಿನ ಅಂಗಿ ಹಾಕಿದರೆ ಇನ್ನೂ ವಾಸಿ.

ವಾಪಸ್ಸಿಗೆ ಹೋಮ್‌ಸ್ಟೆಡ್‌ನ ಹಣ್ಣಿನ ತೋಟಗಳ ಕಡೆ ಹೋದೆವು. ಮಾವು, ಲಿಚಿ, ಹಲಸು ಎಲ್ಲ ಅಲ್ಲಿ ಬೆಳೆಯುತ್ತಾರೆ. ಫ್ಲೋರಿಡಾದ ಹೇಡನ್ ಮಾವಿನ ತಾಯಿ, 1889ರಲ್ಲಿ ಭಾರತದಿಂದ ತರಿಸಿದ ಮಲ್ಗೋಬಾ. ಅದರ ಗೊರಟೆ ನೆಟ್ಟಿದ್ದು 1902ರಲ್ಲಿ, ಮಯಾಮಿಯ ಕೋಕನಟ್ ಗ್ರೋವ್‌ನಲ್ಲಿ. ನಮ್ಮ ಮಲಗೋವದ ಹೆಸರೇ ಅಲ್ವಾ ಅಂತ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು, ಒಂದು ಬುಟ್ಟಿ ಹೇಡನ್ ತೆಗೆದುಕೊಂಡರು. ಇಪ್ಪತ್ತು ಹಣ್ಣು. ದೂರ ಹೋಗುವುದಿದ್ದರೆ ಅರೆಗಾಯಿಯನ್ನೇ ಆರಿಸಿ, ಪೇಪರ್ ಸುತ್ತಿ ಇಡಬೇಕು. ಅಮ್ಮ ಆರಿಸಿದ್ದೆಲ್ಲ ಕಳಿತ ಹಣ್ಣು. ಕಾರಿನ ತುಂಬ ಘಮಘಮ. ಒರ್ಲ್ಯಾಂಡೊದಲ್ಲಿ ಸೀಕರಣೆಗೆ ಎಂಟು ಹೋಯಿತು. ಮನೆ ತಲುಪಿ ಬುಟ್ಟಿ ನೋಡಿದರೆ ಉಳಿದಿದ್ದು ಮೂರು. ದಾರಿಯಲ್ಲಿ ಯಾರು ತಿಂದರು ಅಂತ ಕೇಳಿದರೆ ಅಮ್ಮ ಮಕ್ಕಳ ಕಡೆ ನೋಡಿದರು, ಮಕ್ಕಳು ಅಮ್ಮನ ಕಡೆ.